ಕುಲುಮೆ ಕಟ್ಟೆ: ಮೊದಲ ಕತ್ತಿಯ ಪ್ರಶ್ನೆಗಳು

(ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಸಮೀಪ ಕುಲುಮೆ ನಡೆಸುವ ಆಚಾರ್ರು ಓದುಗರ ಪ್ರಶ್ನೆಗಳಿಗೆ ಉತ್ತರಿಸಿದ್ದಾರೆ.)

ಪ್ರಶ್ನೆ: ಆಚಾರ್ರೇ, ಬೇಟೆಗಾರರು ಸೊಂಟಕ್ಕೆ ಸಿಕ್ಕಿಸಿಕೊಳ್ಳುವಂಥ ಕತ್ತಿಯೊಂದನ್ನು ನನ್ನ ಕೈಯಿಂದಲೇ ಮಾಡಬೇಕೆಂದು ಆಸೆ. ಯೂಟ್ಯೂಬ್ ನೋಡಿ ಬರೆದ ಚಿತ್ರ ಜೊತೆಗಿಟ್ಟಿದ್ದೇನೆ. ಅಲಗು 10 ಇಂಚು, ಬೆನ್ನಿಗೆ ಗರಗಸದ ಹಲ್ಲು, ನಡುವೆ ರಕ್ತ ಹರಿಯಲು ತೋಡು. ಮನೆ ಕಟ್ಟಿದಾಗ ಉಳಿದ ಕಬ್ಬಿಣದ ಸರಳು ಇದೆ. ಹೇಗೆ ಶುರು ಮಾಡಲಿ? — ಬಂದಡ್ಕದಿಂದ ಒಬ್ಬ ಓದುಗ

ಉತ್ತರ: ಚಿತ್ರ ಚಂದ ಉಂಟು. ಯಕ್ಷಗಾನದ ವೇಷಕ್ಕಾದರೆ ಹೀಗೇ ಮಾಡಬಹುದು, ಮರದಲ್ಲಿ.

ಆ ತೋಡಿಗೂ ರಕ್ತಕ್ಕೂ ಸಂಬಂಧವಿಲ್ಲ ಮಾರಾಯರೆ, ಅದು ಉದ್ದ ಅಲಗಿನ ಭಾರ ಇಳಿಸಲಿಕ್ಕೆ. ಬೆನ್ನಿನ ಹಲ್ಲು ಮರವನ್ನೂ ಕೊಯ್ಯುವುದಿಲ್ಲ, ಹಗ್ಗವನ್ನೂ ಕೊಯ್ಯುವುದಿಲ್ಲ, ನಿಮ್ಮ ಹೆಬ್ಬೆರಳನ್ನು ಮಾತ್ರ ಕೊಯ್ಯುತ್ತದೆ. 10 ಇಂಚಿಗೆ ಕಾನೂನಿನ ತೊಡಕೂ ಉಂಟು. ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಿದ್ದು, ಮನೆಗೆಲಸಕ್ಕೋ ಕೃಷಿಗೋ ಮಾಡಿದ್ದಲ್ಲದಿದ್ದರೆ ಅದು ಆಯುಧ ನಿಯಮದ ಪಟ್ಟಿಯೊಳಗೆ ಬೀಳುತ್ತದೆ. ಇನ್ನು ಬೇಟೆ. 1972ರ ವನ್ಯಜೀವಿ ಕಾಯ್ದೆ ಇರುವಾಗ ಆ ಮಾತೇ ಬೇಡ. ತೋಟ ಹಾಳುಮಾಡುವ ಕಾಡುಹಂದಿಯನ್ನು ಕೊಲ್ಲಿಸಲು 2022ರಲ್ಲಿ ಕೇರಳ ಸರಕಾರ ಪಂಚಾಯತು ಅಧ್ಯಕ್ಷರಿಗೆ ಅಧಿಕಾರ ಕೊಟ್ಟದ್ದು ಹೌದು. ಆದರೆ ಅದಕ್ಕೆ ಲೈಸೆನ್ಸಿನ ಕೋವಿ ಇರುವವರೇ ಬರಬೇಕು, ಸತ್ತ ಹಂದಿಯನ್ನು ಹೂಳಬೇಕು. ನಿಮ್ಮ ಕತ್ತಿಗೆ ಅಲ್ಲಿ ಏನೂ ಕೆಲಸವಿಲ್ಲ.

ಹಾಗೆಂದು ಆಸೆ ಬಿಡಬೇಡಿ. ನಿಜವಾದ ಬೇಟೆಗಾರರ ಕತ್ತಿ ನಾಲ್ಕು ಇಂಚು ದಾಟುವುದು ಅಪರೂಪ. ಚರ್ಮ ಸುಲಿಯಲು, ಗೆಣ್ಣು ಬಿಡಿಸಲು ಅಷ್ಟು ಸಾಕು. ನಮ್ಮಲ್ಲಿ ಅದೇ ಕತ್ತಿ ಕೋಳಿಗೆ, ಒಳ್ಳೆಮೆಣಸಿನ ಬಳ್ಳಿ ಕಟ್ಟಿದ ಹಗ್ಗಕ್ಕೆ, ಗೋಣಿಯ ಹೊಲಿಗೆಗೆ ಆಗುತ್ತದೆ. ಅಲಗು 4 ಇಂಚು, ಅಗಲ ಒಂದು ಇಂಚು, ಬೆನ್ನು 3ರಿಂದ 4 ಮಿ.ಮೀ. ದಪ್ಪ, ಬೆನ್ನಿನ ಗೆರೆ ಮೊನೆಯ ಕಡೆಗೆ ಸ್ವಲ್ಪ ಇಳಿದಿರಲಿ. ರಟ್ಟಿನಲ್ಲಿ ಕತ್ತರಿಸಿ ಮೊದಲು ಕೈಯಲ್ಲಿ ಹಿಡಿದು ನೋಡಿ.

ಮನೆಯ ಸರಳು ಅಲ್ಲೇ ಇರಲಿ. ಉಕ್ಕಿಗೆ ಹದ ಹಿಡಿಯುವುದು, ಅಂದರೆ ಕಾಯಿಸಿ ಅದ್ದಿದಾಗ ಗಟ್ಟಿಯಾಗುವುದು, ಅದರೊಳಗಿನ ಇಂಗಾಲದಿಂದ. ಕಾಂಕ್ರೀಟಿನ ಸರಳಿನಲ್ಲಿ ಅದು ಶೇ. 0.3ರ ಒಳಗೇ ಇರುತ್ತದೆ, ಕತ್ತಿಗೆ 0.5 ಆದರೂ ಬೇಕು. ಚೆರ್ಕಳದ ಕಡೆಗೆ ಹೋದಾಗ ಗುಜರಿ ಅಂಗಡಿಯಲ್ಲಿ ಹಳೆಯ ಜೀಪಿನ ಸ್ಪ್ರಿಂಗ್ ಪ್ಲೇಟ್ ಕೇಳಿ. ಲಾರಿಯದ್ದು ದಪ್ಪ, ಬಡಿದು ತೆಳು ಮಾಡುವಷ್ಟರಲ್ಲಿ ಹೊಸಬರ ಭುಜ ಬೀಳುತ್ತದೆ. ಓಡಿ ಓಡಿ ದಣಿದ ಪ್ಲೇಟಿನಲ್ಲಿ ಕಣ್ಣಿಗೆ ಕಾಣದ ಬಿರುಕು ಇರಬಹುದು. ತುಕ್ಕು ಉಜ್ಜಿ ತೆಗೆದು, ಬೋಲ್ಟಿನ ತೂತಿನಿಂದ ದೂರದ ತುಂಡನ್ನು ಆರಿಸಿ. ಸತು ಲೇಪಿಸಿದ ಜಿ.ಐ. ಪೈಪು, ತಗಡು ಯಾವುದನ್ನೂ ಬೆಂಕಿಗೆ ಹಾಕಬೇಡಿ, ಆ ಹೊಗೆ ಕುಡಿದರೆ ಚಳಿಜ್ವರ ಹಿಡಿಯುತ್ತದೆ.

ಕುಲುಮೆಗೆ ದೊಡ್ಡ ಖರ್ಚಿಲ್ಲ. ನಾಲ್ಕು ಕೆಂಪುಕಲ್ಲು, ಒಳಗೆ ಆವೆಮಣ್ಣು ಮೆತ್ತಿ ಚೆನ್ನಾಗಿ ಒಣಗಿಸಿದರೆ ಆಯಿತು. ಗಾಳಿಗೆ ಒಂದು ಕಬ್ಬಿಣದ ಕೊಳವೆ, ಅದರ ಬಾಯಿಗೆ ಕೂದಲು ಒಣಗಿಸುವ ಯಂತ್ರ. ಗೆರಟೆಯ ಇದ್ದಲು ನಮ್ಮೂರಲ್ಲಿ ಧಾರಾಳ, ಕಾವೂ ಒಳ್ಳೆಯದು. ಉಕ್ಕನ್ನು ಇಟ್ಟು ಬಡಿಯುವ ಅಡಿಗಲ್ಲಿಗೆ ದೊಡ್ಡ ಸುತ್ತಿಗೆಯ ತಲೆಯನ್ನು ಮರದ ದಿಂಡಿನಲ್ಲಿ ಹೂತರೂ ನಡೆಯುತ್ತದೆ. ರೈಲು ಹಳಿಯ ತುಂಡು ಬೇಕೆಂದು ಹಳಿಯ ಬದಿಯಲ್ಲಿ ಹುಡುಕಬೇಡಿ, ಅದಕ್ಕೆ ಬೇರೆಯೇ ಕೇಸು. ಸುತ್ತಲಿನ ಮುಳಿಹುಲ್ಲು ಕೆರೆಸಿ, ಬಕೆಟಿನಲ್ಲಿ ನೀರಿಡಿ.

ಬಡಿಯುವುದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಉಕ್ಕು ಕಿತ್ತಳೆ ಬಣ್ಣದಲ್ಲಿರುವಾಗ ಬಡಿಯಿರಿ, ಕೆಂಪು ಮಂಕಾದ ಕೂಡಲೇ ನಿಲ್ಲಿಸಿ ಬೆಂಕಿಗೆ ಕೊಡಿ. ಕಿಡಿ ಹಾರಿಸತೊಡಗಿದರೆ ಉಕ್ಕು ಸುಟ್ಟಿತು, ಆ ತುಂಡು ಕತ್ತರಿಸಿ ಬಿಸಾಡಿ. ಆಕಾರ ಬಂದ ಮೇಲೆ ಕಿಟ್ಟ ಕೆರೆದು ಅರ ಹಿಡಿಯಿರಿ. ಎಲ್ಲರೂ ಸುತ್ತಿಗೆಯ ವೀಡಿಯೊ ನೋಡುತ್ತಾರೆ, ಕತ್ತಿ ಕತ್ತಿಯಾಗುವುದು ಅರದಲ್ಲಿ ಮತ್ತು ಹದದಲ್ಲಿ. ಬಾಯಿಯನ್ನು ಈಗಲೇ ಹರಿತ ಮಾಡಬೇಡಿ, ಒಂದೂವರೆ ಮಿ.ಮೀ. ದಪ್ಪ ಉಳಿಸಿ. ಹಿಡಿಯ ತೂತುಗಳನ್ನು ಈಗಲೇ ಕೊರೆಯಿರಿ, ಹದ ಕೊಟ್ಟ ಮೇಲೆ ಡ್ರಿಲ್ಲಿನ ಮೊನೆ ಹೋಗುತ್ತದೆ.

ಹದ ಕೊಡುವುದಕ್ಕೆ ಹೊತ್ತು ಕಂತಿದ ಮೇಲೆ ಕೂರಿ, ಬಿಸಿಲಲ್ಲಿ ಬಣ್ಣ ಮೋಸ ಮಾಡುತ್ತದೆ. ಮೊದಲು ಮೂರು ಸಲ ಕೆಂಪಗೆ ಕಾಯಿಸಿ, ಗಾಳಿಯಾಡದ ಕಡೆ ಹಾಗೇ ಆರಲು ಬಿಡಿ. ಬಡಿದದ್ದರಿಂದ ಉಕ್ಕಿನೊಳಗೆ ಕೂತ ಬಿಗುವು ಇಳಿದು, ಕಣ ಸಣ್ಣದಾಗುತ್ತದೆ. ಆಮೇಲೆ ಕೊನೆಯ ಕಾವು. ಒಂದು ಅಯಸ್ಕಾಂತ ಇಟ್ಟುಕೊಳ್ಳಿ. 770 ಡಿಗ್ರಿ ಸೆಲ್ಸಿಯಸ್‌ನ ಹತ್ತಿರ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅದಕ್ಕಿಂತ ಒಂದಿಷ್ಟು ಮೇಲೆ, ಅಲಗಿಡೀ ಕೆಂಪು ಕೇಪುಳ ಹೂವಿನಂಥ ಒಂದೇ ಬಣ್ಣ ಬಂದಾಗ ಎಣ್ಣೆಗೆ. ಮೊನೆ ತೆಳು, ಬೇಗ ಕಾಯುತ್ತದೆ. ಅದನ್ನು ಕೆಂಡದ ನಡುವಿನಿಂದ ಆಚೆ ದಾಟಿಸಿ ಹಿಡಿಯಿರಿ.

ಎಣ್ಣೆ ಮೂರು ನಾಲ್ಕು ಲೀಟರ್ ಬೇಕು, ಕೈ ಇಟ್ಟರೆ ಚುರುಕ್ಕೆನ್ನುವಷ್ಟು ಬೆಚ್ಚಗಿರಲಿ, 50–60 ಡಿಗ್ರಿ. ತೆಂಗಿನೆಣ್ಣೆ ಒಳ್ಳೆಯದೇ, ಆದರೆ ಅದರ ಬೆಲೆಗೆ ಹೊಟ್ಟೆ ಉರಿಯುತ್ತದೆ. ಹೋಟೆಲಿನಲ್ಲಿ ಕರಿದು ಬಿಟ್ಟ ಎಣ್ಣೆ ಸೋಸಿದರೆ ಸಾಕು. ಗ್ಯಾರೇಜಿನ ಹಳೆ ಎಂಜಿನ್ ಆಯಿಲ್ ಬೇಡ, ಹೊಗೆ ವಿಷ. ಪಾತ್ರೆ ಕಬ್ಬಿಣದ್ದೇ ಆಗಬೇಕು, ಮುಚ್ಚಳ ಪಕ್ಕದಲ್ಲೇ ಇರಬೇಕು. ಎಣ್ಣೆಗೆ ಬೆಂಕಿ ಹಿಡಿದರೆ ನೀರು ಹೊಯ್ಯಬಾರದು, ಮುಚ್ಚಬೇಕು. ಅಲಗನ್ನು ಮೊನೆ ಮುಂದಾಗಿ ನೇರ ಇಳಿಸಿ, ಮೇಲೆ ಕೆಳಗೆ ಆಡಿಸಿ. ಬದಿಗೆ ಆಡಿಸಿದರೆ ಡೊಂಕಾಗುತ್ತದೆ.

ಆರಿದ ಮೇಲೆ ಬಾಯಿಗೆ ಅರ ಎಳೆದು ನೋಡಿ. ಕಚ್ಚದೆ ಜಾರಿದರೆ ಹದ ಹಿಡಿದಿದೆ. ಆದರೆ ಈಗ ಅದು ಕೆಳಗೆ ಬಿದ್ದರೆ ಒಡೆಯುವಷ್ಟು ಬಿರುಸು. ಅದೇ ರಾತ್ರಿ, ನಾಳೆಗೆ ಇಡದೆ, ಕೇಕ್ ಬೇಯಿಸುವ ಓವನಿನಲ್ಲಿ 200 ಡಿಗ್ರಿಯಲ್ಲಿ ಎರಡು ಗಂಟೆ ಇಟ್ಟು, ಆರಿಸಿ, ಮತ್ತೆ ಎರಡು ಗಂಟೆ. ಮೊದಲೇ ಅಲಗಿನ ಒಂದು ಕಡೆ ಉಜ್ಜಿ ಹೊಳೆಯಿಸಿಟ್ಟರೆ ತೆಳು ಹಳದಿ ಬಣ್ಣ ಏರುವುದು ಕಾಣುತ್ತದೆ. ನೀಲಿಗೆ ಹೋದರೆ ಕಾವು ಮಿತಿಮೀರಿತು, ಬಾಯಿ ನಿಲ್ಲದು. ಓವನಿಗೆ ಮನೆಯವರ ಒಪ್ಪಿಗೆ ಮೊದಲೇ ಕೇಳಿ, ಎಣ್ಣೆಯ ವಾಸನೆ ವಾರ ಇರುತ್ತದೆ.

ಪ್ರಶ್ನೆ: ಸ್ಪ್ರಿಂಗ್ ಪ್ಲೇಟಿನ ಕತ್ತಿಯನ್ನು ನೀರಿಗೆ ಅದ್ದಿದೆ. ‘ಟಿಕ್’ ಎಂದಿತು, ಬಾಯಿಯಲ್ಲಿ ಸೀಳು. ನನ್ನ ಅಜ್ಜ ನೀರಿನಲ್ಲೇ ಹದ ಕೊಡುತ್ತಿದ್ದರಲ್ಲ? ವೆಲ್ಡಿಂಗ್ ಮಾಡಿದರೆ ಸರಿಯಾದೀತೇ? — ಉಪ್ಪಳದಿಂದ

ಉತ್ತರ: ವೆಲ್ಡಿಂಗ್ ಬೇಡ. ಸೀಳು ಮೊನೆಯ ಹತ್ತಿರವಿದ್ದರೆ ಅಲ್ಲಿಗೆ ಕತ್ತರಿಸಿ ಗಿಡ್ಡ ಪೀಶಕತ್ತಿ ಮಾಡಿಕೊಳ್ಳಿ, ನಡುವಿನಲ್ಲಿದ್ದರೆ ಗುಜರಿಗೆ.

ಅಜ್ಜನವರದ್ದು ತಪ್ಪಲ್ಲ. ಅವರ ಕೈಯಲ್ಲಿ ಇದ್ದಿರಬಹುದಾದದ್ದು ಸಾದಾ ಇಂಗಾಲದ ಉಕ್ಕು, ಉದಾಹರಣೆಗೆ ಹಳೆಯ ಅರ. ಅದಕ್ಕೆ ನೀರಿನ ವೇಗ ಬೇಕಾಗುತ್ತದೆ. ನಿಮ್ಮ ಪ್ಲೇಟಿನಲ್ಲಿ ಮ್ಯಾಂಗನೀಸ್, ಜೊತೆಗೆ ಸಿಲಿಕಾನೋ ಕ್ರೋಮಿಯಮ್ಮೋ ಸೇರಿರುತ್ತದೆ, ಅದು ಎಣ್ಣೆಯ ನಿಧಾನದಲ್ಲೇ ಗಟ್ಟಿಯಾಗುತ್ತದೆ. ನೀರು ಸಿಕ್ಕಿದರೆ ತೆಳು ಬಾಯಿ ದಪ್ಪ ಬೆನ್ನಿಗಿಂತ ತುಂಬ ಮೊದಲೇ ಬಿಗಿದು ಸೀಳುತ್ತದೆ. ಇನ್ನೊಂದು, ಹಿಂದಿನವರು ಕತ್ತಿಯಿಡೀ ಮುಳುಗಿಸುತ್ತಿರಲಿಲ್ಲ. ಬಾಯಿ ಮಾತ್ರ ಅದ್ದಿ, ಮೇಲೆತ್ತಿ, ಕಲ್ಲಿಗೆ ಉಜ್ಜಿ ನೋಡುತ್ತಿದ್ದರು. ಬೆನ್ನಿನಲ್ಲಿ ಉಳಿದ ಕಾವು ಬಾಯಿಗೆ ಹರಿದು ಹಳದಿ ಏರಿದಾಗ ಪೂರ್ತಿ ಅದ್ದುತ್ತಿದ್ದರು. ನೀವು ಓವನಿನಲ್ಲಿ ನಾಲ್ಕು ಗಂಟೆ ಮಾಡುವುದನ್ನು ಅವರು ಬೀಡಿ ಮುಗಿಯುವುದರೊಳಗೆ ಮಾಡುತ್ತಿದ್ದರು. ಅದಕ್ಕೆ ಕಣ್ಣು ಪಳಗಬೇಕು.

ಪ್ರಶ್ನೆ: ಅಟ್ಟದಲ್ಲಿ ಅಜ್ಜನ ಕಾಲದ ಕಡವೆ ಕೊಂಬು ಉಂಟು. ಕತ್ತಿಗೆ ಹಿಡಿ ಮಾಡಿಕೊಡುತ್ತೀರಾ? — ಪೆರ್ಲದಿಂದ

ಉತ್ತರ: ಇಲ್ಲ. ಮಾಲೀಕತ್ವದ ಪ್ರಮಾಣಪತ್ರವಿಲ್ಲದೆ ಅದನ್ನು ಮನೆಯಲ್ಲಿ ಇಡುವುದೇ ಕಷ್ಟ, ಕೊಯ್ದು ಹಿಡಿ ಮಾಡಿದರೆ ನಾನೂ ನಿಮ್ಮ ಜೊತೆ ಕೋರ್ಟಿಗೆ. ಅರಣ್ಯ ಇಲಾಖೆಯವರಲ್ಲಿ ಮಾತಾಡಿ. ಹಿಡಿಗೆ ಹುಣಸೆ ಮರದ ತಿರುಳು ಅಥವಾ ಬೈನೆಯ ಕರಿ ಭಾಗ ತನ್ನಿ, ಎರಡೂ ಕೈಗೆ ಚಂದ. ಅಲಗಿನ ಉಕ್ಕು ಹಿಡಿಯ ಕೊನೆಯವರೆಗೂ ಹೋಗಿರಲಿ. ಎರಡು ಬದಿಗೆ ಮರ ಇಟ್ಟು ಅರಾಲ್ಡೈಟ್ ಹಾಕಿ, ಹಿತ್ತಾಳೆ ರಿವೆಟ್ ಬಡಿದರೆ ಹೊಸಬರಿಗೆ ಅದೇ ಸುಲಭ. ಅಲಗಿನ ಮೊನಚು ಬಾಲವನ್ನು ಕಾಯಿಸಿ ಮರಕ್ಕೆ ಇಳಿಸಿ ಅರಗು ತುಂಬುವುದು ಆಮೇಲೆ ಕಲಿಯಿರಿ.

ಪ್ರಶ್ನೆ: ಕತ್ತಿಗೆ ಚರ್ಮದ ಒರೆ ಹೊಲಿಸಿದೆ. ಮಳೆಗಾಲದಲ್ಲಿ ಒಳಗೇ ತುಕ್ಕು. — ಅಡೂರಿನಿಂದ

ಉತ್ತರ: ಚರ್ಮ ತೇವ ಹೀರುತ್ತದೆ, ಹದ ಮಾಡಿದ ಉಪ್ಪೂ ಅದರಲ್ಲಿ ಉಳಿದಿರುತ್ತದೆ. ಒರೆ ಸೊಂಟದಲ್ಲಿರುವಾಗ ಮಾತ್ರ. ಮನೆಗೆ ಬಂದ ಮೇಲೆ ಅಲಗು ಒರಸಿ, ತೆಂಗಿನೆಣ್ಣೆ ಸವರಿ, ಒಲೆಯ ಮೇಲಿನ ಗೋಡೆಗೆ ತೂಗುಹಾಕಿ. ಆಟಿ ತಿಂಗಳಲ್ಲಿ ವಾರಕ್ಕೊಮ್ಮೆ ಮತ್ತೆ ಸವರಿ.