ಧ್ಯಾನ, ಪ್ರಾಣಾಯಾಮದಿಂದ ಸ್ತನ ಕ್ಯಾನ್ಸರ್ ಗುಣವಾದವರು ಇದ್ದೀರಾ? ಅಕ್ಕ ಕೀಮೋ ನಡುವೆ ನಿಲ್ಲಿಸ್ತೀನಿ ಅಂತಿದ್ದಾಳೆ, ಯಾವ ಧ್ಯಾನ ಒಳ್ಳೆಯದು?

ಕೀಮೋ ಎರಡು ಸೈಕಲ್, ಅಂದರೆ ಎರಡು ಸುತ್ತು, ಮುಗಿದ ಮೇಲೆ ಈ ಯೋಚನೆ ಬರುತ್ತೆ. ನನಗೂ ಆಗಲೇ ಬಂದಿದ್ದು.

2019ರಲ್ಲಿ ನನಗೆ ಎಡ ಸ್ತನ, ಎರಡನೇ ಸ್ಟೇಜ್. ಕೆಂಪು ಔಷಧಿ ಅಂತಾರಲ್ಲ, ಡಾಕ್ಸೊರುಬಿಸಿನ್, ಅದರ ಜೊತೆ ಸೈಕ್ಲೊಫಾಸ್ಫಮೈಡ್, 21 ದಿನಕ್ಕೊಮ್ಮೆ 4 ಸಲ. ಆಮೇಲೆ ವಾರಕ್ಕೊಂದರಂತೆ ಪ್ಯಾಕ್ಲಿಟ್ಯಾಕ್ಸೆಲ್ 12. ಮನೆಯಲ್ಲಿ ಬೆಳಿಗ್ಗೆ ನಾಡಿಶೋಧನ, ಭ್ರಾಮರಿ ಪ್ರಾಣಾಯಾಮ, ರಾತ್ರಿ ಯೋಗನಿದ್ರೆ. ನಿಜಕ್ಕೂ ಹಿತವಾಗಿತ್ತು. ಎಷ್ಟು ಅಂದರೆ ಮಿಕ್ಕ ಕೀಮೋ ಯಾಕೆ ಬೇಕು ಅನ್ನಿಸುವಷ್ಟು.

ಎರಡನೇ ಸೈಕಲ್ಲಿನ 11ನೇ ದಿನ, ರಾತ್ರಿ ಒಂಬತ್ತೂವರೆಗೆ ಮೈ ಬಿಸಿಯಾಯಿತು. ಥರ್ಮಾಮೀಟರ್ 100.8 ತೋರಿಸಿತು. 100.4 ಮುಟ್ಟಿದರೆ ಹೊತ್ತು ನೋಡದೆ ಬನ್ನಿ ಅಂತ ಆಸ್ಪತ್ರೆಯ ಚೀಟಿಯಲ್ಲೇ ಇತ್ತು. ನಾನು ಒಂದು ಡೋಲೋ ನುಂಗಿ, ಯೋಗನಿದ್ರೆಯ ಆಡಿಯೋ ಹಾಕಿಕೊಂಡು ಮಲಗಿದೆ. ಒಂದು ಗಂಟೆ ಬಿಟ್ಟು ನೋಡಿದರೆ 99. 'ನೋಡಿ, ಮನಸ್ಸು ತಣ್ಣಗಾದರೆ ಜ್ವರಾನೂ ಇಳಿಯುತ್ತೆ' ಅಂತ ಯಜಮಾನರಿಗೆ ಹೇಳಿದೆ. ಇಳಿಸಿದ್ದು ಡೋಲೋ!

ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ನಿಮ್ಮಕ್ಕ ಓದಲಿ. ಕೀಮೋ ಕ್ಯಾನ್ಸರ್ ಕೋಶಗಳ ಜೊತೆಗೆ ಮೂಳೆಮಜ್ಜೆಯಲ್ಲಿ ಹುಟ್ಟುವ ಬಿಳಿರಕ್ತಕಣಗಳನ್ನೂ ಹೊಡೆಯುತ್ತೆ. ಈ ಔಷಧಿಗಳಲ್ಲಿ ಕೌಂಟ್ ತಳ ಮುಟ್ಟುವುದು ಹೆಚ್ಚುಕಡಿಮೆ 10ರಿಂದ 14ನೇ ದಿನದೊಳಗೆ. ಸೋಂಕಾದ ಕಡೆ ಕೀವು ತುಂಬುವುದು, ಊತ ಬರುವುದು ನ್ಯೂಟ್ರೋಫಿಲ್ ಅನ್ನೋ ಕಣಗಳ ಕೆಲಸ. ಅವೇ ಇಲ್ಲದಾಗ ಗಂಟಲು ಕೆಂಪಾಗಲ್ಲ, ಕಫ ಬರಲ್ಲ. ಹೊರಗೆ ಕಾಣುವ ಸುಳಿವು ಎಷ್ಟೋ ಸಲ ಜ್ವರ ಒಂದೇ. ನಾನು ಆ ಒಂದನ್ನೂ ಮಾತ್ರೆ ಹಾಕಿ ಅಳಿಸಿದೆ. ಬೆಳಗಿನ ಜಾವ ನಾಲ್ಕಕ್ಕೆ ಹಲ್ಲು ಕಟಕಟ ಅನ್ನೋ ನಡುಕ, ಎದ್ದರೆ ಕಣ್ಣು ಕತ್ತಲೆ. ಎಮರ್ಜೆನ್ಸಿಯಲ್ಲಿ ಬಿಪಿ 84/50. ಒಟ್ಟು ಬಿಳಿಕಣ 600, ಅದರಲ್ಲಿ ನ್ಯೂಟ್ರೋಫಿಲ್ ಶೇ. 20, ಅಂದರೆ 120. ಲೆಕ್ಕ ಸುಲಭ: ಒಟ್ಟು ಕೌಂಟನ್ನು ಶೇಕಡಾದಿಂದ ಗುಣಿಸಿ 100ರಿಂದ ಭಾಗಿಸಿ. 500ಕ್ಕಿಂತ ಕೆಳಗೆ ಹೋದರೆ ಅಪಾಯ. ಇಂಥವರಿಗೆ ಆಸ್ಪತ್ರೆಗೆ ಬಂದ ಒಂದು ಗಂಟೆಯೊಳಗೆ ನರದ ಮೂಲಕ ಆಂಟಿಬಯೋಟಿಕ್ ಶುರುವಾಗಬೇಕು. ನಾನು ಏಳು ಗಂಟೆ ಬ್ಯಾಕ್ಟೀರಿಯಾಕ್ಕೆ ಬಿಟ್ಟುಕೊಟ್ಟಿದ್ದೆ. ಮೂರು ದಿನ ಐಸಿಯು, ಮೂರನೇ ಸೈಕಲ್ 12 ದಿನ ತಡ. ಅಲ್ಲಿಂದಾಚೆಗೆ ಪ್ರತಿ ಸೈಕಲ್ಲಿನ ಮರುದಿನ ಹೊಟ್ಟೆಗೆ ಕೌಂಟ್ ಏರಿಸೋ ಇಂಜೆಕ್ಷನ್, ಅದರ ಸೊಂಟದ ಮೂಳೆನೋವು ಬೇರೆ.

ಥರ್ಮಾಮೀಟರನ್ನು ನಾಲಿಗೆ ಕೆಳಗಿಡಿ. ಕಂಕುಳಲ್ಲಿ ಕಮ್ಮಿ ತೋರಿಸುತ್ತೆ. ಕಾಫಿ ಕುಡಿದಿದ್ದರೆ ಕಾಲು ಗಂಟೆ ಬಿಟ್ಟು ನೋಡಿ. ಡಾಕ್ಟರನ್ನು ಕೇಳದೆ ಜ್ವರದ ಮಾತ್ರೆ ಬೇಡ, ಮೈಕೈ ನೋವಿಗೂ ಬೇಡ.

ಯಾವ ಧ್ಯಾನ ಒಳ್ಳೆಯದು ಅಂತ ಕೇಳಿದ್ದೀರಿ. ಕೀಮೋ ಬದಲಿಗೆ ಅಂತಾದರೆ ಯಾವುದೂ ಅಲ್ಲ. ಧ್ಯಾನದಿಂದ ಗುಣವಾದವಳು ನಾನಲ್ಲ. ಗಡ್ಡೆ ಕುಗ್ಗಿಸಿದ್ದು ಕೀಮೋ, ತೆಗೆದದ್ದು ಸರ್ಜನ್. 2018ರಲ್ಲಿ ಅಮೆರಿಕದ ಯೇಲ್‌ನವರು, ಹರಡದ ಕ್ಯಾನ್ಸರಿಗೆ ಬರೀ ಪರ್ಯಾಯ ಚಿಕಿತ್ಸೆ ನಂಬಿದ 281 ಜನರ ದಾಖಲೆ ನೋಡಿದರು. ಮಾಮೂಲಿ ಚಿಕಿತ್ಸೆ ಪಡೆದವರಿಗೆ ಹೋಲಿಸಿದರೆ ಸಾವಿನ ಅಪಾಯ ಒಟ್ಟಾರೆ ಎರಡೂವರೆ ಪಟ್ಟು, ಸ್ತನ ಕ್ಯಾನ್ಸರಲ್ಲಿ ಐದೂವರೆ ಪಟ್ಟಿಗೂ ಮೇಲೆ. ಕೀಮೋ ನಿಲ್ಲಿಸಿ ಮೂರು ತಿಂಗಳು ಧ್ಯಾನ 'ಮಾಡಿ ನೋಡೋಣ' ಅನ್ನೋ ಮಾತೇ ಬೇಡ.

ಹಾಗಂತ ಅಭ್ಯಾಸ ಬಿಡಿಸಬೇಡಿ. ಮೂರನೇ ಸೈಕಲ್ ಹೊತ್ತಿಗೆ ನನಗೆ ಆಸ್ಪತ್ರೆಯ ಸ್ಪಿರಿಟ್ ವಾಸನೆಗೇ ವಾಂತಿ ಬರುತ್ತಿತ್ತು, ಡ್ರಿಪ್ ಹಾಕೋ ಮುಂಚೆಯೇ. ಇದು ಮನಸ್ಸು ಕಲಿತ ವಾಂತಿ, ಇಂಥದ್ದಕ್ಕೆ ಮಾತ್ರೆ ಅಷ್ಟಾಗಿ ಕೆಲಸ ಮಾಡಲ್ಲ. ಪಾದದಿಂದ ಶುರುಮಾಡಿ ಒಂದೊಂದೇ ಭಾಗವನ್ನು ಐದು ಸೆಕೆಂಡ್ ಬಿಗಿ ಮಾಡಿ, ಉಸಿರು ಬಿಡ್ತಾ ಸಡಿಲ ಬಿಡೋದು, 20 ನಿಮಿಷ. ಒಂದು ವಾರ ಮನೆಯಲ್ಲಿ ರೂಢಿಮಾಡಿಕೊಂಡಿದ್ದರೆ ಮಾತ್ರ ಕೀಮೋ ಕುರ್ಚಿಯಲ್ಲಿ ಕೈಗೆ ಬರುತ್ತೆ. ಮಣಿಕಟ್ಟಿನ ಒಳಬದಿಯ ಗೆರೆಯಿಂದ ಮೊಣಕೈ ಕಡೆಗೆ ಮೂರು ಬೆರಳು ಬಿಟ್ಟು, ಎರಡು ನರಗಳ ಹಾಗೆ ಕಾಣುವ ಹುರಿಗಳ ನಡುವೆ ಹೆಬ್ಬೆರಳಿಂದ ಒತ್ತಿದರೂ ನನಗೆ ಸ್ವಲ್ಪ ತಡೆಯುತ್ತಿತ್ತು.

ಪ್ರಾಣಾಯಾಮ ನಿಜವಾಗಿ ಕೆಲಸಕ್ಕೆ ಬಂದಿದ್ದು ರೇಡಿಯೇಷನ್ನಿನಲ್ಲಿ. ಎಡಗಡೆ ಸ್ತನವಾದರೆ ಉಸಿರು ತುಂಬಿಕೊಂಡು ಸುಮಾರು 20 ಸೆಕೆಂಡ್ ಹಿಡಿಯೋಕೆ ಹೇಳ್ತಾರೆ. ಶ್ವಾಸಕೋಶ ಉಬ್ಬಿ ಹೃದಯ ಎದೆಗೋಡೆಯಿಂದ ಹಿಂದೆ ಸರಿಯುತ್ತೆ, ಅದಕ್ಕೆ ಬೀಳೋ ಕಿರಣ ಕಮ್ಮಿಯಾಗುತ್ತೆ. ಕೆಂಪು ಔಷಧಿ ಮೊದಲೇ ಹೃದಯಕ್ಕೆ ಪೆಟ್ಟು ಕೊಡಬಲ್ಲದ್ದು, ಹಾಗಾಗಿ ಇದು ಸಣ್ಣ ವಿಷಯವಲ್ಲ. ಟೆಕ್ನೀಷಿಯನ್ 'ಹಿಡೀರಿ ಮೇಡಂ' ಅಂದಾಗ ಭುಜ ಎತ್ತದೆ ಎದೆ ತುಂಬೋದು ನನಗೆ ಗೊತ್ತಿತ್ತು. 15 ದಿನ ಒಂದು ಸಲವೂ ತಪ್ಪಲಿಲ್ಲ.

ಕಪಾಲಭಾತಿ, ಭಸ್ತ್ರಿಕಾ ಥರ ಜೋರಾಗಿ ಉಸಿರಾಡೋ ಪ್ರಾಣಾಯಾಮ ಬೇಡ. ಪ್ಲೇಟ್‌ಲೆಟ್ ಕಮ್ಮಿ ಇದ್ದಾಗಂತೂ ಬೇಡವೇ ಬೇಡ. ಕಂಕುಳ ಗ್ರಂಥಿ ತೆಗೆದ ಮೇಲೆ ಆ ಕೈ ಮೇಲೆ ಭಾರ ಬೀಳುವ ಆಸನಕ್ಕೆ ಫಿಸಿಯೋ ಹೂಂ ಅನ್ನಲಿ, ಕೈ ಊದಿಕೊಂಡೀತು. ಪ್ಯಾಕ್ಲಿಟ್ಯಾಕ್ಸೆಲ್ ಶುರುವಾಗಿ ಅಂಗಾಲು ಜೋಮು ಹಿಡಿದರೆ ವೃಕ್ಷಾಸನ ಗೋಡೆ ಹಿಡಿದೇ. ಇನ್ನು ವಾಕಿಂಗಿಗೆ ಹೋದಾಗ ಪಾರ್ಕ್ ಗೇಟಿನ ಗೋಧಿಹುಲ್ಲಿನ ರಸ ಕುಡಿಸಬೇಡಿ, ಹಸಿ ರಸ, ಯಾವ ನೀರೋ. ಅಮೃತಬಳ್ಳಿ ಕಷಾಯವೂ ಬೇಡ: 2021ರಲ್ಲಿ ಅದನ್ನು ಕುಡಿದು ಲಿವರ್ ಕೆಟ್ಟವರ ಬಗ್ಗೆ ಮುಂಬೈ ವೈದ್ಯರು ಬರೆದಿದ್ದಾರೆ, ಪ್ಯಾಕ್ಲಿಟ್ಯಾಕ್ಸೆಲ್ ಕರಗೋದೂ ಲಿವರಿನಲ್ಲೇ.

ಬೆಂಗಳೂರಿನ ಹತ್ತಿರ ಜಿಗಣಿಯಲ್ಲಿರುವ ಯೋಗ ವಿಶ್ವವಿದ್ಯಾಲಯ ಎಸ್-ವ್ಯಾಸದವರು ಸ್ತನ ಕ್ಯಾನ್ಸರ್ ರೋಗಿಗಳ ಮೇಲೆ ಯೋಗದ ಅಧ್ಯಯನಗಳನ್ನೇ ಮಾಡಿದ್ದಾರೆ, ಚಿಕಿತ್ಸೆಯ ಜೊತೆಗೆ, ಬದಲಿಗಲ್ಲ. ನಿಮ್ಮಕ್ಕನಿಗೆ ಇಷ್ಟು ಒಲವಿದ್ದರೆ ಅಂಥ ಕಡೆ ಕಲಿಯಲಿ. ಅದಕ್ಕಿಂತ ಮೊದಲು ಅವರ ಕೊನೆಯ ಕೀಮೋ ಯಾವತ್ತಾಯಿತು ಅಂತ ಕ್ಯಾಲೆಂಡರಿನಲ್ಲಿ ಎಣಿಸಿ. 7ನೇ ದಿನ ದಾಟಿದ್ದರೆ ಇವತ್ತಿಂದಲೇ ಬೆಳಿಗ್ಗೆ, ಸಂಜೆ ಜ್ವರ ನೋಡಿ ಬರೆದಿಡಿ, ಆಸ್ಪತ್ರೆಯ ರಾತ್ರಿ ನಂಬರನ್ನು ಫ್ರಿಜ್ ಬಾಗಿಲಿಗೆ ಅಂಟಿಸಿ.