ಎಣ್ಣಿ ಹೊಡದ ಮ್ಯಾಲ ಶೇಂಗಾ ಹಳದಿ ಆಗ್ಯದ, ಬೆಳಿ ಹೋಯ್ತೇನ್ರಿ?

ಪ್ರಶ್ನೆ: ಸರ್, ಕಾಲುವೆ ನೀರಿನ ಮ್ಯಾಲ ಮೂರು ಎಕರೆ ಹಿಂಗಾರಿ ಶೇಂಗಾ ಹಾಕೀನಿ. ಬಿತ್ತಿ 20 ದಿನಕ್ಕ ಇಮಾಜೆಥಾಪೈರ್ ಅನ್ನೋ ಕಸದ ಎಣ್ಣಿ (ಕಳೆನಾಶಕ) ಹೊಡದೆ. ಐದನೇ ದಿನಕ್ಕ ನೋಡಿದ್ರ ಹೊಲ ಎಲ್ಲಾ ಹಳದಿ, ಬದುವಿನ ಕಡಿ ಬಳ್ಳಿ ಗಿಡ್ಡ ನಿಂತಾವ, ಕಸ ನೋಡಿದ್ರ ಇನ್ನೂ ಸತ್ತಿಲ್ಲ. ಬಾಜೂ ಹೊಲದವ್ರು ಹರಗಿ ಬಿಡು ಅಂತಾರ, ಅಂಗಡಿಯವ್ರು ಟಾನಿಕ್ ಹೊಡಿ ಅಂತಾರ. ಕಸ ಯಾವ್ದು ಶೇಂಗಾ ಯಾವ್ದು ಅಂತ ಎಣ್ಣಿಗಿ ಗೊತ್ತಾಗ್ತದೇನ್ರಿ?
– ಸುರಪುರ ತಾಲ್ಲೂಕಿನ ಓದುಗರು

ಉತ್ತರ: ಹರಗಬ್ಯಾಡ್ರಿ, ಟಾನಿಕ್ಕಿಗೂ ರೊಕ್ಕ ಹಾಕಬ್ಯಾಡ್ರಿ. ಎಣ್ಣಿಗಿ ಏನೂ ಗೊತ್ತಾಗಲ್ಲ, ಗೊತ್ತಿರೋದು ಶೇಂಗಾಕ್ಕ.

ಈ ಔಷಧ ಎಲಿಯಿಂದ, ಬೇರಿನಿಂದ ಕಸದಾಗೂ ಹೋಗ್ತದ, ಶೇಂಗಾದಾಗೂ ಹೋಗ್ತದ. ಗಿಡದಾಗ ಎಎಲ್‌ಎಸ್ ಅಂತ ಒಂದು ಕಿಣ್ವ ಇರ್ತದ, ವ್ಯಾಲಿನ್, ಲ್ಯೂಸಿನ್, ಐಸೊಲ್ಯೂಸಿನ್ ಅನ್ನೋ ಮೂರು ಅಮೈನೋ ಆಮ್ಲ ತಯಾರಾಗಬೇಕಂದ್ರ ಅದು ಬೇಕೇಬೇಕು, ಔಷಧ ಹೋಗಿ ಅದನ್ನೇ ಹಿಡದು ಕೂಡ್ತದ. ಶೇಂಗಾದ ಕಿಣ್ವ ಏನು ಗಟ್ಟಿದಲ್ಲ, ಅದಕ್ಕೂ ಪೆಟ್ಟು ಬೀಳ್ತದ. ಆದ್ರ ಶೇಂಗಾ ಆ ಔಷಧನ ಬ್ಯಾಗ ಒಡದು, ಅದಕ್ಕ ಸಕ್ಕರಿ ಅಂಶ ಕಟ್ಟಿ ನಿರುಪಯೋಗಿ ಮಾಡಿ ಬಿಡ್ತದ, ಅಂದ್ರ ಅರಗಿಸ್ಕೊಳ್ತದ. ಕಸಕ್ಕ ಅಷ್ಟು ಲಗೂನ ಅರಗಂಗಿಲ್ಲ, ಕುಡಿ ಉಪವಾಸ ಬಿದ್ದು ಸಾಯ್ತದ. ಉಪವಾಸದ ಸಾವು ಅಂದ ಮ್ಯಾಲ ತಡ ಆಗೋದೇ, ಬೆಳಿಯೋದು ಮೊದ್ಲು ನಿಲ್ತದ, ಆಮ್ಯಾಲ ಕುಡಿ ಹಳದಿ ಇಲ್ಲಾ ಕೆಂಪ ಆಗ್ತದ, ಪೂರ್ತಿ ಒಣಗಾಕ ಎರಡು ಮೂರು ವಾರ ಬೇಕು. ಐದನೇ ದಿನಕ್ಕ ಸತ್ತಿಲ್ಲ ಅಂತ ಇನ್ನೊಂದು ಸಲ ಹೊಡದೀರಿ ಮತ್ತ, ಆವಾಗ ಖರೇನ ಬೆಳಿ ಹೋಗ್ತದ.

ಅರಗಬೇಕಂದ್ರ ಮನಷ್ಯಾರಂಗ ಗಿಡಕ್ಕೂ ಮೈ ಬೆಚ್ಚಗ ಇರಬೇಕು. ಹಿಂಗಾರಿ ಚಳಿಗಿ, ಕಾಲುವೆ ನೀರು ಜಾಸ್ತಿ ನಿಂತ ಮಡಿಯಾಗ, ಇಲ್ಲಾ ನೀರಿಲ್ದೆ ಬಾಡಿದ ಬಳ್ಳಿಯಾಗ ಈ ಕೆಲಸ ನಿಧಾನ ಆಗ್ತದ, ಅದಕ್ಕೇ ಹಳದಿ. ಒಂದು ಬಳ್ಳಿ ಕುಡಿ ಉಗುರಿಲೆ ಬಿಡಿಸಿ ನೋಡ್ರಿ. ಒಳಗ ಮಡಚಿಕೊಂಡಿರೋ ಸಣ್ಣ ಎಲಿ ಹಸರು ಇತ್ತಂದ್ರ ಬಳ್ಳಿ ಜೀವಂತ ಅದ, ಹತ್ತು ಹದಿನೈದು ದಿನದಾಗ ಮ್ಯಾಲ ಬರ್ತದ.

ಬದುವಿನ ಕಡಿ ಗಿಡ್ಡ ಯಾಕ ಆದ್ವು ಅಂತ ನೋಡದೇ ಹೇಳ್ತೀನಿ. ಪಂಪ್ ಹೊತ್ತವ್ರು ಅಲ್ಲಿ ತಿರಗುವಾಗ ನಾಜಲ್ ಬಂದ್ ಮಾಡಿರಲ್ಲ, ಒಂದೇ ಜಾಗಕ್ಕ ಎರಡು ಸಲ ಬಿದ್ದಿರ್ತದ. ಶೇಕಡಾ 10ರ ಎಣ್ಣಿ ಎಕರೆಗೆ 400 ಮಿಲಿ, ನೀರು 200 ಲೀಟರ್, ಅಂದ್ರ 16 ಲೀಟರಿನ ಪಂಪಿಗೆ 32 ಮಿಲಿ ಬರ್ತದ. ನಮ್ಮ ಕಡಿ ಏನಾಗ್ತದ, ಮುಚ್ಚಳದಾಗ ಅಂದಾಜಿಲೆ 50 ಮಿಲಿ ಸುರದು, ಕಸ ದಟ್ಟ ಇದ್ದಲ್ಲಿ ಇನ್ನಷ್ಟು ನಿಧಾನ ನಡದು 13 ಪಂಪ್ ಹೊಡದ್ರ ಲೆಕ್ಕ 650 ಮಿಲಿಗಿ ಹೋಗಿರ್ತದ. ನಾನೂ ಹಿಂದ ಮುಚ್ಚಳದಾಗೇ ಅಳಿತಿದ್ದೆ, ಒಂದು ಸಾಲು ಶೇಂಗಾ ಮೂರು ವಾರ ಎದ್ದಿರಲಿಲ್ಲ, ಆಮ್ಯಾಲ 20 ರೂಪಾಯಿ ಅಳತಿ ಗ್ಲಾಸ್ ತಂದೆ.

ಇನ್ನೊಂದು ಅನುಮಾನ. ಹಳದಿ ಪಂಪ್ ನಡದ ಪಟ್ಟಿ ಪಟ್ಟಿ ಇತ್ತಂದ್ರ ಅದು ಎಣ್ಣಿದು. ಅಲ್ಲಲ್ಲಿ ಮಚ್ಚಿ ಮಚ್ಚಿ ಇದ್ದು, ಎಳೆ ಎಲಿ ಹಳದಿ ಆಗಿ ನರ ಮಾತ್ರ ಹಸರು ಉಳದಿತ್ತಂದ್ರ ಕಬ್ಬಿಣದ ಕೊರತಿ, ಸುಣ್ಣದಂಶ ಇರೋ ಕಪ್ಪು ನೆಲದಾಗ ಇದು ಭಾಳ. ಅದಕ್ಕ ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್, 1 ಗ್ರಾಂ ಸಿಟ್ರಿಕ್ ಆಸಿಡ್ ಹಾಕಿ ಹೊಡೀರಿ. ಅನುಮಾನ ಹೋಗಲಿಲ್ಲ ಅಂದ್ರ ಎರಡು ಬಳ್ಳಿ ಬೇರು ಸಮೇತ ಕಿತ್ತು ಕವಡಿಮಟ್ಟಿ ಕೃಷಿ ವಿಜ್ಞಾನ ಕೇಂದ್ರಕ್ಕ ಒಯ್ದು ತೋರಸ್ರಿ, ನಿಮಗ ಹತ್ರನೇ ಅದ.

ಪ್ರಶ್ನೆ: ಶೇಂಗಾದಾಗ ತೊಗರಿ ಅಕ್ಕಡಿ ಅದ, ಬದುವಿಗಿ ಎರಡು ಸಾಲು ಸಜ್ಜಿ. ಹುಲ್ಲು ಭಾಳ ಎದ್ದದ, ಕ್ವಿಜಲೋಫಾಪ್ ಹೊಡೀಬಹುದಾ? ಶೇಂಗಾ ಕಿತ್ತ ಮ್ಯಾಲ ಜೋಳ ಬಿತ್ತೋದದ.
– ಆಳಂದ ತಾಲ್ಲೂಕಿನ ಓದುಗರು

ಉತ್ತರ: ಹೊಡೀರಿ, ಆದ್ರ ಸಜ್ಜಿ ಕಡಿ ಹೋಗಬ್ಯಾಡ್ರಿ. ಇಲ್ಲಿ ಅರಗಿಸ್ಕೊಳ್ಳೋ ಮಾತಲ್ಲ. ಹುಲ್ಲಿನ ಜಾತಿ ಗಿಡದಾಗ ಕೊಬ್ಬು ತಯಾರ ಮಾಡೋ ಕಿಣ್ವದ ರಚನಾನೇ ಬ್ಯಾರೆ, ಔಷಧ ಅದಕ್ಕಷ್ಟೇ ಹಿಡೀತದ, ಶೇಂಗಾ ತೊಗರಿ ಕಿಣ್ವಕ್ಕ ಹಿಡಿಯಂಗಿಲ್ಲ, ಬೀಗ ಒಂದು ಕೀಲಿ ಒಂದು ಆದಂಗ. ಸಜ್ಜಿನೂ ಹುಲ್ಲಿನ ಜಾತಿನೇ ಅಲ್ರೀ, ಹೊಡದ್ರ ಅದೂ ಹೋಗ್ತದ. ಶೇಕಡಾ 5ರದು ಎಕರೆಗೆ 400 ಮಿಲಿ, ಹುಲ್ಲು ಎಳೇದಿದ್ದಾಗ, ನೆಲದಾಗ ಹಸಿ ಇದ್ದಾಗ. ಜೇಕು ಇದಕ್ಕ ಬಗ್ಗಂಗಿಲ್ಲ, ನೋಡಾಕ ಹುಲ್ಲಿನಂಗ ಕಂಡ್ರೂ ಅದು ಬ್ಯಾರೆ ಜಾತಿ. ಮತ್ತ 40–45 ದಿನ ಆಗಿ ಊಡು ನೆಲಕ್ಕ ಇಳಿಲಿಕ್ಕ ಸುರು ಆದ ಮ್ಯಾಲ ಎಡಿ ಹೊಡೀಬ್ಯಾಡ್ರಿ, ಕಾಯಿ ಆಗೋ ಊಡೇ ಹರೀತದ.

ಜೋಳದ್ದು ಕೇಳಿದ್ದು ಚಲೋ ಆಯ್ತು. ಕ್ವಿಜಲೋಫಾಪ್‌ದು ಅಷ್ಟು ಚಿಂತಿ ಇಲ್ಲ, ಆದ್ರ ಇಮಾಜೆಥಾಪೈರ್ ಹೊಡದ ಹೊಲದಾಗ ಔಷಧ ಮಣ್ಣಾಗ ತಿಂಗಳಗಟ್ಟಲೆ ಉಳೀತದ, ಜೋಳ, ಹತ್ತಿ ಎರಡಕ್ಕೂ ಅದು ತಡಿಯಂಗಿಲ್ಲ. ಅದನ್ನ ಹೊಡದಿದ್ರ ಆ ಹೊಲದ ಮಣ್ಣು ಒಂದು ಡಬ್ಬಿಯಾಗ, ಹೊಡೀದಿರೋ ಜಾಗದ ಮಣ್ಣು ಇನ್ನೊಂದರಾಗ ತುಂಬಿ, ಹತ್ತತ್ತು ಜೋಳದ ಬೀಜ ಹಾಕಿ 15 ದಿನ ನೋಡ್ರಿ. ಎರಡೂ ಡಬ್ಬಿ ಸಸಿ ಸಮ ಎದ್ರ ಬಿತ್ರಿ.

ಪ್ರಶ್ನೆ: ಶೇಂಗಾದ ಎಲಿ ತಿರುಚಿ, ದಂಟು ಸುರಳಿ ಆಗ್ಯಾವ. ಹೊಡದದ್ದು ಬರೇ ಹುಳದ ಎಣ್ಣಿ. ಪಂಪ್ ಮಾತ್ರ ಕಬ್ಬಿಗಿ 2,4-ಡಿ ಅನ್ನೋ ಕಸದ ಎಣ್ಣಿ ಹೊಡದಿದ್ದು.
– ಬೀದರ್ ಓದುಗರು

ಉತ್ತರ: ಉತ್ತರ ನೀವೇ ಬರದೀರಿ. 2,4-ಡಿ ಅಗಲ ಎಲಿ ಗಿಡದ ಬೆಳವಣಿಗಿ ಹಾರ್ಮೋನಿನಂಗ ನಟಿಸಿ ಗಿಡ ತಿರುಚ್ತದ, ಪಂಪಿನ ಪೈಪು, ವಾಷರಿನಾಗ ಉಳದ ಹನಿನೂ ಸಾಕು. ಬರೇ ನೀರಿಲೆ ತೊಳದ್ರ ಹೋಗಲ್ಲ, ಅದಕ್ಕ ಬ್ಯಾರೆ ಪಂಪೇ ಇಡ್ರಿ.