ಜೋ ಟೋರಿ ಆಟಗಾರನಾಗಿ ಸಾಧಾರಣರೇ?

ಖಂಡಿತ ಅಲ್ಲ ಸರ್. ಅಮೆರಿಕದ ಬೇಸ್‌ಬಾಲ್‌ನ ಟೋರಿ ಬಗ್ಗೆ "ಆಟದಲ್ಲಿ ಸಾಧಾರಣ, ಮ್ಯಾನೇಜರ್ ಆದಮೇಲೆ ದೊಡ್ಡವರಾದರೇ?" ಎಂದು ಕೇಳಿದ್ದೀರಿ. 1971ರಲ್ಲಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಪರ .363 ಬ್ಯಾಟಿಂಗ್ ಸರಾಸರಿ (ಸಾವಿರ ಅವಕಾಶಕ್ಕೆ 363 ಹಿಟ್ ಎಂಬ ಲೆಕ್ಕ), 137 ಆರ್‌ಬಿಐ (ಅವರ ಬ್ಯಾಟಿಂಗ್‌ನಿಂದ ತಂಡಕ್ಕೆ ಬಂದ ರನ್). ಅಲ್ಲಿನ ಎರಡು ದೊಡ್ಡ ಲೀಗ್‌ಗಳಲ್ಲೊಂದಾದ ನ್ಯಾಷನಲ್ ಲೀಗ್‌ನ ಎಂವಿಪಿ, ಅಂದರೆ ಅತ್ಯಮೂಲ್ಯ ಆಟಗಾರ, ಅವರೇ. ಕ್ಯಾಚರ್ (ನಮ್ಮ ವಿಕೆಟ್‌ಕೀಪರ್ ಇದ್ದಂತೆ) ಆಗಿ ಶುರುಮಾಡಿದವರು ಆ ವರ್ಷ ಥರ್ಡ್ ಬೇಸ್‌ನಲ್ಲಿ ಆಡಿದ್ದರು. ಒಟ್ಟು 2,342 ಹಿಟ್, 252 ಹೋಮ್ ರನ್, 9 ಸಲ ಆಲ್-ಸ್ಟಾರ್.

ನಿಜಕ್ಕೂ ಸೋತದ್ದು ಮ್ಯಾನೇಜರ್ ಆದ ಮೊದಲ ವರ್ಷಗಳಲ್ಲಿ. (ಬೇಸ್‌ಬಾಲ್‌ನಲ್ಲಿ ಮ್ಯಾನೇಜರ್ ಎಂದರೆ ನಮ್ಮ ಕ್ರಿಕೆಟ್‌ನ ಮುಖ್ಯ ಕೋಚ್ ಇದ್ದಂತೆ, ಬ್ಯಾಟಿಂಗ್ ಕ್ರಮ, ಪಿಚರ್ ಬದಲಾವಣೆ ಎಲ್ಲ ಅವರದೇ ನಿರ್ಧಾರ.) ಮೆಟ್ಸ್, ಬ್ರೇವ್ಸ್, ಕಾರ್ಡಿನಲ್ಸ್ ಮೂರೂ ತಂಡಗಳು ಅವರನ್ನು ತೆಗೆದುಹಾಕಿದವು. ಬ್ರೇವ್ಸ್ ಅಂತೂ 1982ರಲ್ಲಿ ಸತತ 13 ಗೆಲುವಿನಿಂದ ಆರಂಭಿಸಿ ಡಿವಿಷನ್ (ಲೀಗ್‌ನೊಳಗಿನ ತನ್ನ ಗುಂಪು) ಗೆದ್ದಿತ್ತು, ಆದರೂ ಮುಂದೆ ತೆಗೆದುಹಾಕಿತು! ಯಾಂಕೀಸ್‌ಗೆ ಬಂದಮೇಲೆ 1996, 1998, 1999, 2000ರಲ್ಲಿ ವರ್ಲ್ಡ್ ಸೀರೀಸ್ (ವರ್ಷದ ಚಾಂಪಿಯನ್‌ನನ್ನು ನಿರ್ಧರಿಸುವ ಫೈನಲ್ ಸರಣಿ) ಗೆಲುವು. 2014ರಲ್ಲಿ ಹಾಲ್ ಆಫ್ ಫೇಮ್ (ಬೇಸ್‌ಬಾಲ್ ದಿಗ್ಗಜರ ಗೌರವ ಪಟ್ಟಿ) ಸೇರಿದ್ದು ಮ್ಯಾನೇಜರ್ ಆಗಿ. ನಿಮ್ಮ ಗೊಂದಲ ಅಲ್ಲಿಂದಲೇ ಬಂದಿರಬೇಕು.